ಜಪಮಾಲೆಗೆ ಹೊಕ್ಕ ಕುರಿಗಳು

ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಒಂದು ವರ್ಷ, ಶಹಾಪುರದ ಸೀಮೆಗೆ ಬಂದದ್ದು ಅದರ ಮರುವರ್ಷ. ತಡವಾಗಿ ಬಂದರೂ ಬರುವಾಗ ಅದು ಎಲ್ಲರಿಗೂ ಒಂದೊಂದು ಕೆಲಸ ಹಿಡಿದುಕೊಂಡೇ ಬಂದಿತ್ತು. ನಿನ್ನೆಯವರೆಗೆ ಕಟ್ಟೆಯ ಮೇಲೆ ನೊಣ ಹೊಡೆಯುತ್ತಿದ್ದವರು ಬಿಳಿ ಟೊಪ್ಪಿಗೆ ಹಾಕಿಕೊಂಡು ಮುಖಂಡರಾದರು. ಉರ್ದು ಬಲ್ಲ ಕಾರಕೂನ ಕನ್ನಡದ ಅಕ್ಷರ ತಿದ್ದತೊಡಗಿದ. ಕುರುಬರ ಮಾನಪ್ಪನ ಭಾವಮೈದುನ ಭಾಗಣ್ಣ, ಮೂವತ್ತು ದಾಟಿ ಮೀಸೆ ಹುರಿ ಮಾಡುವ ವಯಸ್ಸಿನಲ್ಲಿ, ವಯಸ್ಕರ ಶಾಲೆಗೆ ಹೋಗಿ ನೂರರ ಆಚೆಗೂ ಎಣಿಸಲು ಕಲಿತ. ಮಾನಪ್ಪನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವನು ಮೊದಲೂ ಕುರಿ ಕಾಯುತ್ತಿದ್ದ, ಈಗಲೂ ಕುರಿ ಕಾಯುತ್ತಿದ್ದ.

ಇದು ಅವನಿಗೆ ಸಣ್ಣ ಸಂಕಟವಾಗಿರಲಿಲ್ಲ. ರಜಾಕಾರರ ಗಲಾಟೆಯ ಕಾಲಕ್ಕೆ ಊರು ಬಿಟ್ಟು ಗಡಿಯಾಚೆಯ ಶಿಬಿರದಲ್ಲಿ ಎಂಟು ತಿಂಗಳು ಕಳೆದವರಲ್ಲಿ ಅವನೂ ಒಬ್ಬ. ಅಲ್ಲಿ ಕಾಲರಾ ಬಿತ್ತು. ಮಾನಪ್ಪನೂ ಅವನ ಗೆಳೆಯ ಸಾಬಣ್ಣನೂ ಒಂದೇ ಕೊಡದ ನೀರು ಕುಡಿದಿದ್ದರು. ಸಾಬಣ್ಣ ಹೋದ, ಮಾನಪ್ಪ ಉಳಿದ. ಊರಿಗೆ ಮರಳಿದ ಮೇಲೆ ಊಟ ಸೇರಿತು, ನಿದ್ದೆಯೂ ಬಂತು, ಆದರೆ ಒಂದು ಪ್ರಶ್ನೆ ಅಂಗಾಲಿನ ಜಾಲಿಮುಳ್ಳಿನಂತೆ ಒಳಗೇ ಉಳಿಯಿತು. ದೇವರು ತನ್ನನ್ನು ಯಾತಕ್ಕೆ ಉಳಿಸಿದ? ಕುರಿಯ ಬಾಲ ನೋಡುತ್ತ ನಡೆಯುವುದಕ್ಕಂತೂ ಇರಲಿಕ್ಕಿಲ್ಲ ಎಂದು ಮಾನಪ್ಪ ತೀರ್ಮಾನ ಮಾಡಿಕೊಂಡಿದ್ದ. ಅಷ್ಟು ದೊಡ್ಡ ದೇವರು ಅಷ್ಟು ಸಣ್ಣ ಕೆಲಸಕ್ಕೆ ಒಬ್ಬನನ್ನು ಕಾಲರಾದ ಬಾಯಿಂದ ಎಳೆದುಕೊಳ್ಳುವನೇ?

ಒಂದು ಮುಂಜಾನೆ ಭಾಗಣ್ಣ ಹೊಸದಾಗಿ ಕಲಿತ ವಿದ್ಯೆಯನ್ನು ಪ್ರಯೋಗ ಮಾಡುವ ಹುಮ್ಮಸ್ಸಿನಲ್ಲಿ ಕುರಿದಡ್ಡಿಯ ಬಾಗಿಲಲ್ಲಿ ನಿಂತು, ಹೊರಬೀಳುವ ಕುರಿಗಳನ್ನು ಎಣಿಸಿದ. ಸುರಪುರದ ಸಂತೆಯಲ್ಲಿ ಕೊಂಡ ನೋಟುಬುಕ್ಕಿನಲ್ಲಿ ಬರೆದು, ಎರಡೆರಡು ಸಲ ನೋಡಿ ಹೇಳಿದ: "ನೂರಾ ಎಂಟು ಅದಾವ ಮಾವಾ."

ಮಾನಪ್ಪ ತನ್ನ ಕುರಿಗಳನ್ನು ಹುಟ್ಟಿದಾಗಿನಿಂದ ಎಣಿಸಿದವನಲ್ಲ. ಅವನ ಎಣಿಕೆ ಇಪ್ಪತ್ತಕ್ಕೇ ಮುಗಿಯುತ್ತಿತ್ತು. ಸಂಜೆ ಕುರಿಗಳು ಒಳಗೆ ಬರುವಾಗ ಒಂದೊಂದರ ಮುಖ ನೋಡುವನು. ಇಲ್ಲದ್ದು ಯಾವುದೆಂದು ಹೊಳೆಯುತ್ತಿತ್ತೇ ಹೊರತು ಎಷ್ಟಿವೆಯೆಂದು ಬೇಕಾಗಿರಲೇ ಇಲ್ಲ. ಆದರೆ ನೂರಾ ಎಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮೈ ಜುಮ್ಮೆಂದಿತು. ಗುಡ್ಡದ ಮಠದ ಮುತ್ಯಾನ ಜಪಮಾಲೆಯಲ್ಲಿಯೂ ಅಷ್ಟೇ ಮಣಿ.

"ದೇವರು ಕರ್ಯಾಕತ್ತಾನ," ಎಂದು ಒಲೆಯ ಮುಂದೆ ಕೂತಿದ್ದ ಹೆಂಡತಿ ರೇಣಮ್ಮನಿಗೆ ಹೇಳಿದ.

"ಮೊನ್ನಿ ಎರಡು ಟಗರು ಮಾರದಿದ್ರ ನೂರಾ ಹತ್ತು ಇರ್ತಿದ್ವು," ಎಂದಳು ರೇಣಮ್ಮ. "ಸಂತಿ ಮುಗಿಯೋತನಕ ಕಾದು ಆಮ್ಯಾಲ ಕರದಾನೇನ್ರಿ ನಿಮ್ಮ ದೇವರು?"

ಇಂಥ ಮಾತಿಗೆಲ್ಲ ಬಗ್ಗುವ ಸ್ಥಿತಿಯನ್ನು ಮಾನಪ್ಪ ದಾಟಿದ್ದ. ಅವತ್ತೇ ಗುಡ್ಡ ಹತ್ತಿ ಮುತ್ಯಾನ ಕಾಲಿಗೆ ಬಿದ್ದ. ಮುತ್ಯಾ ವಯಸ್ಸಾದವನು, ಮಾತು ಕಡಿಮೆ. ನಲವತ್ತು ವರ್ಷದಿಂದ ಅದೇ ಬಂಡೆಯ ನೆರಳಿನಲ್ಲಿ ಕೂತು ಜಪ ಮಾಡಿದವನು. ಗುಡ್ಡ ಇಳಿಯದೆ ಅಲ್ಲೇ ಇದ್ದು ಮಾಡುವ ಹನ್ನೊಂದು ದಿನದ ಒಂದು ನೇಮ ಹಾಕಿಕೊಟ್ಟ. ದಿನಾ ಹೊತ್ತು ಹುಟ್ಟಿದಾಗ ಕೂತು ನೆತ್ತಿಗೆ ಬರುವವರೆಗೆ ಜಪ ಮಾಡಬೇಕು, ನಡುವೆ ಏಳಬಾರದು. ಹನ್ನೊಂದು ದಿನ ತುಂಬಿದರೆ ಕಾವಿ ಕೊಟ್ಟು ಮಠದಲ್ಲಿ ಇಟ್ಟುಕೊಳ್ಳುವುದು. ಎದ್ದರೆ ಅಲ್ಲಿಗೆ ಮುಗಿಯಿತು.

"ಒಂದು ಮಣಿಗಿ ಒಮ್ಮಿ ಶಿವನ ನಾಮ," ಎಂದು ಮಾಲೆ ಕೈಗಿಟ್ಟು ಹೇಳಿದ. "ಮ್ಯಾಲ ಈ ದೊಡ್ಡ ಮಣಿ ಐತಲ್ಲ, ಇದು ಮೇರು. ಇದನ್ನ ದಾಟಬಾರದು. ಮುಟ್ಟಿ ಹೊಳ್ಳಿ ಬರಬೇಕು. ಮನ್ಯಾಗ ಹೇಳಿ ಬಂದೀಯೇನು?"

ಮಾನಪ್ಪ ಮನೆಗೆ ಬಂದು ಹೇಳಿದ. ಮಕ್ಕಳಿಲ್ಲದ ಮನೆ, ಇದ್ದವರು ಇಬ್ಬರೇ. ರೇಣಮ್ಮ ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಅಂದಳು: "ನಾ ತಡಿಯೂದಿಲ್ಲ. ಹನ್ನೆರಡನೇ ದಿನ ನೀವು ಕಾವಿ ಉಟ್ರ ಕುರಿ ಭಾಗಣ್ಣ ನೋಡ್ಕೋತಾನ, ನಾ ತವರಿಗಿ ಹೋಗ್ತೀನಿ. ದೇವರಾದ ಮ್ಯಾಲ ಹೊಟ್ಟಿ ನೋವು ಬಂದ್ರ ಓಮಿನಕಾಳು ಯಾರ ಕೇಳ್ತೀರಿ ಅದನ್ನಷ್ಟು ಯೋಚನಿ ಮಾಡ್ರಿ."

ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಮದುವೆಯಾಗಿ ಇಪ್ಪತ್ತು ವರ್ಷಗಳಲ್ಲಿ ಆಕೆ ರೊಟ್ಟಿ ಸೀಯಿಸಿದ್ದು ಅದೇ ಮೊದಲು. ಮಾನಪ್ಪನಿಗೆ ವಾಸನೆ ಬಂತು. ಕಾರಣ ಹೊಳೆಯಲಿಲ್ಲ. ಮೋಕ್ಷದ ಗಡಿಬಿಡಿಯಲ್ಲಿರುವವನಿಗೆ ಇಂಥವೆಲ್ಲ ಹೇಗೆ ಹೊಳೆದಾವು.

ಮೊದಲ ದಿನ ಜಪಕ್ಕೆ ಕೂತ ಮಾನಪ್ಪ ಹತ್ತನೆಯ ಮಣಿಗೆ ತೂಕಡಿಸಿದ. ಎರಡನೆಯ ಸುತ್ತಿನಲ್ಲಿ ಎಂಟನೆಯದಕ್ಕೇ ಗೊರಕೆ ಬಂತು. ತಪ್ಪು ಅವನದಲ್ಲ, ಮಣಿಗಳದು. ಎಲ್ಲವೂ ಒಂದೇ ಥರ. ಒಂದಕ್ಕೆ ಕಿವಿ ಮೋಟಿಲ್ಲ, ಇನ್ನೊಂದಕ್ಕೆ ಹಣೆಯ ಮೇಲೆ ಚುಕ್ಕೆಯಿಲ್ಲ. ಮುಖವಿಲ್ಲದ ನೂರಾ ಎಂಟನ್ನು ಬೆರಳಿನಿಂದ ದಾಟಿಸುವುದೆಂದರೆ ಕಣ್ಣು ಕಟ್ಟಿಕೊಂಡು ಕುರಿ ಕಾದ ಹಾಗೆ ಎನಿಸಿತು ಅವನಿಗೆ.

ಎರಡನೆಯ ದಿನ ಉಪಾಯ ಹೊಳೆಯಿತು. ಮೊದಲ ಮಣಿ ಹಿಡಿದು ಶಿವಾ ಎಂದ, ಮನಸ್ಸಿನಲ್ಲಿ ಗೌಡ್ತಿಯನ್ನು ಕಂಡ. ಗೌಡ್ತಿ ಎಂದರೆ ದಡ್ಡಿಯಿಂದ ಯಾವಾಗಲೂ ಮೊದಲು ಹೊರಬೀಳುವ, ಬೇರೆಯವರಿಗೆ ಮೈ ತಾಗಿಸದೆ ನಡೆಯುವ ಬಿಂಕದ ಕುರಿ. ಎರಡು ಮತ್ತು ಮೂರನೆಯ ಮಣಿಗೆ ಅವಳ ಹೆಣ್ಣುಮಕ್ಕಳು. ನಾಲ್ಕಕ್ಕೆ ಸಿಡಕಿ, ಹಾಲು ಹಿಂಡಲು ಹೋದರೆ ಒದೆಯುವವಳು. ಐದಕ್ಕೆ ಮೋಟಗಿವಿ, ಆರಕ್ಕೆ ಕೆಂಚಿ. ನಿಜಾಮನ ಕಾಲದ ಪೊಲೀಸ್ ಅಮೀನನ ಹಾಗೆ ಊರವರ ಹೊಲಕ್ಕೆ ನುಗ್ಗಿ ಹಕ್ಕಿನಿಂದ ಮೇಯುವ ಟಗರು ಅಮೀನ ಇಪ್ಪತ್ತೆಂಟನೆಯ ಮಣಿಗೆ ಬಂದ. ಎಲ್ಲರಿಗಿಂತ ಹಿಂದೆ ಕುಂಟಿ. ಕುಂಟಿ ಒಳಗೆ ಬಂದಳೆಂದರೆ ಬೆರಳು ಮೇರುವಿಗೆ ತಾಗುತ್ತಿತ್ತು. ಆಗ ಯಾವ ಕುರಿಯೂ ಕಾಣುತ್ತಿರಲಿಲ್ಲ, ದಡ್ಡಿಯ ಬಾಗಿಲಿಗೆ ಮುಳ್ಳಿನ ಕಂಟಿ ಎಳೆಯುತ್ತ ನಿಂತ ರೇಣಮ್ಮ ಕಾಣುತ್ತಿದ್ದಳು. ಜಪದಲ್ಲಿ ಹೆಂಡತಿಯೇ ಎಂದು ನಾಚಿ ಮಾನಪ್ಪ ಲಗುಬಗೆಯಿಂದ ಹಿಂದಕ್ಕೆ ತಿರುಗುತ್ತಿದ್ದ.

ನಿದ್ದೆ ಹೇಳಹೆಸರಿಲ್ಲದೆ ಹೋಯಿತು. ಎಂಟನೆಯ ದಿನ ಮುತ್ಯಾ ಅವನನ್ನು ದಿಟ್ಟಿಸಿ ನೋಡಿ, "ಒಂದು ಮಣಿಗಿ ನಗ್ತೀ, ಒಂದು ಮಣಿಗಿ ಹುಬ್ಬು ಗಂಟು ಹಾಕ್ತೀ. ನಾಮದಾಗ ಇಷ್ಟು ರುಚಿ ನನಗೂ ಸಿಕ್ಕಿಲ್ಲೋ ತಮ್ಮಾ," ಎಂದ. ಮಾನಪ್ಪ ತಲೆ ತಗ್ಗಿಸಿದ. ಸುಳ್ಳು ಹೇಳಿದ ಹಾಗಾಯಿತಲ್ಲ ಎಂಬ ಅಳುಕು ಇತ್ತು, ಜೊತೆಗೆ ತುಸು ಹೆಮ್ಮೆಯೂ ಇತ್ತು.

ಒಂಬತ್ತನೆಯ ದಿನ ಭಾಗಣ್ಣ ಕುರಿಗಳನ್ನು ಗುಡ್ಡದ ಕೆಳಗಿನ ಕೆರೆಗೆ ಹೊಡೆದುಕೊಂಡು ಬಂದ. ಕೆರೆಯ ಏರಿ ಇಕ್ಕಟ್ಟು, ಕುರಿಗಳು ಒಂದರ ಹಿಂದೊಂದು ನಡೆಯಬೇಕು. ಬಂಡೆಯ ಮೇಲಿಂದ ಎಲ್ಲವೂ ಅಂಗೈ ಮೇಲಿದ್ದಂತೆ ಕಾಣುತ್ತಿತ್ತು. ಮಾನಪ್ಪನಿಗೆ ಹಬ್ಬವಾಯಿತು. ಕೆಳಗೆ ಕುರಿ, ಇಲ್ಲಿ ಮಣಿ. ಗೌಡ್ತಿ, ಶಿವಾ. ಹೆಣ್ಣುಮಕ್ಕಳು, ಶಿವಾ ಶಿವಾ. ಸಿಡಕಿ, ಮೋಟಗಿವಿ. ಆರನೆಯ ಮಣಿಗೆ ಬೆರಳು ನಿಂತಿತು.

ಮೋಟಗಿವಿಯ ಹಿಂದೆ ಬಂದದ್ದು ಕೆಂಪು ಕುರಿಯೇ. ಆದರೆ ಕೆಂಚಿಯಲ್ಲ.

ಕೆಂಚಿಯ ದಿನ ತುಂಬಿದ್ದವು. ಅದನ್ನು ಭಾಗಣ್ಣನಿಗೆ ಹೇಳಬೇಕಿತ್ತು, ದೇವರಾಗುವ ಅವಸರದಲ್ಲಿ ಮರೆತಿದ್ದ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಎದ್ದರೆ ಕಾವಿ ಹೋಯಿತು, ಮಠ ಹೋಯಿತು, ಯಾತಕ್ಕೆ ಉಳಿದೆನೆಂಬುದರ ಉತ್ತರವೂ ಹೋಯಿತು. ಮಾನಪ್ಪ ಏಳನೆಯ ಮಣಿಗೆ ಹೋಗಲು ನೋಡಿದ. ಬೆರಳು ಜರಗಲಿಲ್ಲ. ಮತ್ತೊಮ್ಮೆ ನೋಡಿದ. ಆಮೇಲೆ ಎದ್ದು, ಮುತ್ಯಾನ ಕಡೆಗೆ ತಿರುಗಿಯೂ ನೋಡದೆ ಗುಡ್ಡ ಇಳಿದ. ಮಾಲೆ ಕೈಯಲ್ಲೇ ಇತ್ತು.

"ಕೆಂಚಿ ಎಲ್ಲೈತಿ?" ಎಂದು ಕೇಳಿದ.

ಭಾಗಣ್ಣ ನೋಟುಬುಕ್ಕು ತೆಗೆದ. "ಯಾಕ ಮಾವಾ, ಎಲ್ಲಾ ಬರಾಬರಿ ಅದಾವಲ್ಲ. ನಿನ್ನಿ ಸಂಜಿಕ ನೂರಾ ಎಂಟು, ಇವತ್ತ ಮುಂಜಾನಿ ನೂರಾ ಎಂಟು. ಬರದೀನಿ ನೋಡು."

"ಲೆಕ್ಕ ಬರಾಬರಿ ಐತೋ, ಕುರಿ ಬರಾಬರಿ ಇಲ್ಲ. ಇದು ಚಮನಬೀದು. ನಿನ್ನಿ ಎಲ್ಲಿ ಮೇಯಿಸಿದಿ?"

"ವನದುರ್ಗದ ಕ್ವಾಟಿ ಕಂದಕದ ಕಡಿ," ಎಂದ ಭಾಗಣ್ಣ. ಆಮೇಲೆ ಮೆಲ್ಲಗೆ, "ಎರಡೂ ಕೆಂಪನವೇ ಅದಾವಲ್ಲ," ಎಂದ. ಶಾಲೆ ಕಲಿತವನ ಮಾತು.

ಮಾನಪ್ಪ ಆ ಕುರಿಯನ್ನು ಮುಂದಿಟ್ಟುಕೊಂಡು ವನದುರ್ಗದ ದಾರಿ ಹಿಡಿದ. ಹೋದ ವರ್ಷ ಮರಿಯಾಗಿದ್ದಾಗ ಅದನ್ನು ಚಮನಬೀಗೆ ಕೊಟ್ಟವನು ಅವನೇ. ಆಕೆಯ ಗಂಡ, ನಿಜಾಮನ ಆಳ್ವಿಕೆ ಮುಗಿದ ಆ ಸೆಪ್ಟೆಂಬರಿನಲ್ಲಿ ಮನೆ ಬಿಟ್ಟು ಹೊರಗೆ ಹೋದವನು, ಮರಳಿ ಬಂದಿರಲಿಲ್ಲ. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಇದ್ದದ್ದು ಒಂದು ಗುಡಿಸಲು, ಈ ಒಂದು ಕುರಿ.

ಕೋಟೆಯ ಗೋಡೆಗೆ ಆತುಕೊಂಡ ಗುಡಿಸಲಿನ ಅಂಗಳದಲ್ಲಿ ಕೆಂಚಿ ಮಲಗಿತ್ತು. ಪಕ್ಕದಲ್ಲಿ ಇನ್ನೂ ಕಾಲು ಗಟ್ಟಿಯಾಗದ ಮರಿ ನಿಂತಿತ್ತು. ಚಮನಬೀ ತನ್ನ ಹಳೆಯ ದುಪ್ಪಟಿಯನ್ನೇ ಅವಕ್ಕೆ ಹಾಸಿದ್ದಳು. ಮಾನಪ್ಪನನ್ನೂ ಅವನ ಮುಂದಿದ್ದ ಕುರಿಯನ್ನೂ ಕಂಡು ಎದ್ದು ನಿಂತಳು.

"ನಿನ್ನಿ ಹೊತ್ತು ಮುಳುಗೂ ಮುಂದ ಕಂದಕದಾಗ ಈದಿತ್ತು ಅಣ್ಣಾ. ಬೆಲ್ಲದ ನೀರು ಕುಡಿಸೀನಿ. ನಿನ್ನದು ಅಂತ ಗೊತ್ತಿತ್ತು."

"ಹಂಗಾರ ಹೇಳಿ ಕಳಸಬೇಕಿಲ್ಲೇನವ್ವಾ? ನಿನ್ನ ಕುರಿ ನಮ್ಮಾಗ ಹೊಕ್ಕೈತಿ ಅಂತ ಬಂದು ಕೇಳಬೇಕಿಲ್ಲೇನು?"

ಚಮನಬೀ ತನ್ನ ಕುರಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬಂದಿದ್ದೆ. ದೂರ ನಿಂತು ನೋಡಿದೆ. ಭಾಗಣ್ಣ ಎಣಸಾಕತ್ತಿದ್ದ, ಲೆಕ್ಕ ಬರಾಬರಿ ಐತಿ ಅಂತ ಬರಕೊಂಡ. ನೂರು ಕುರಿಯೊಳಗ ಒಂದು ನಂದು ಅಂದ್ರ ನನ್ನ ಮಾತು ಯಾರು ನಂಬ್ಯಾರಣ್ಣಾ, ಈ ಕಾಲದಾಗ? ನೀ ಇದ್ದಿದ್ರ ಕೇಳ್ತಿದ್ದೆ. ನೀ ಗುಡ್ಡ ಹತ್ತೀ ಅಂದ್ರು. ಹಂಗಾರ ನನ್ನ ಕುರಿ ಹೋತು ಅಂತ ತಿಳಕೊಂಡೆ. ಅದರ ಮಾರಿ ಗುರುತು ಹಿಡಿಯೋರು ಇನ್ನ್ಯಾರು ಅದಾರ?"

ಆಕೆ ದೂರು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೇ. ಎರಡು ವರ್ಷದಿಂದ ಮಾನಪ್ಪ ದೇವರನ್ನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆನೆಂಬ ಅರಿವೂ ಇಲ್ಲದೆ ಆ ಹೆಣ್ಣುಮಗಳು ತನ್ನ ಕುರಿಯ ಕೊರಳು ಸವರುತ್ತಿದ್ದಳು. ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚೆಂದು ನೋಡಲು ಹೋಗದೆ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಕೆಂಚಿ ಹಿಂದೆ ನಡೆಯಿತು.

ದಾರಿಯಲ್ಲಿ ಮತ್ತೆ ಗುಡ್ಡ ಹತ್ತಿದ, ಮಾಲೆ ಮರಳಿಸಬೇಕಿತ್ತಲ್ಲ. ಮುತ್ಯಾನ ಮುಂದೆ ಮರಿಯನ್ನು ಎತ್ತಿಕೊಂಡೇ ನಿಂತು, ಎಲ್ಲವನ್ನೂ ಒಪ್ಪಿಕೊಂಡ. ತಾನು ಶಿವನ ನಾಮದ ಬೆನ್ನಿಗೆ ಕುರಿಗಳನ್ನು ಹೊಡೆದದ್ದು, ರುಚಿ ನಾಮದ್ದಲ್ಲ ಕುರಿಗಳದೆಂಬುದು, ಒಂಬತ್ತನೆಯ ದಿನ ಎದ್ದದ್ದು.

"ಒಂದು ಸುತ್ತು ನನ್ನ ಮುಂದ ಹೇಳು," ಎಂದ ಮುತ್ಯಾ. "ಬಾಯಿಬಿಟ್ಟು ಹೇಳು."

ಮಾನಪ್ಪ ಹೇಳಿದ. ಗೌಡ್ತಿಯಿಂದ ಕುಂಟಿಯವರೆಗೆ, ಯಾವುದರ ತಾಯಿ ಯಾರು, ಯಾವುದು ಗುಡುಗಿಗೆ ಅಂಜುತ್ತದೆ, ಯಾವುದಕ್ಕೆ ಶಿಬಿರದ ದಾರಿಯಲ್ಲಿ ಕಾಲು ಮುರಿದಿತ್ತು. ಹೊತ್ತು ಇಳಿಯತೊಡಗಿತು. ಮುತ್ಯಾ ಕಣ್ಣು ಮುಚ್ಚಿ ಕೇಳಿದ. ಅಮೀನನ ಹತ್ತಿರ ಬಂದಾಗ ಅವನ ಗಡ್ಡ ಅಲುಗಿತು, ನಕ್ಕಿರಬೇಕು.

ಮುಗಿದ ಮೇಲೆ ಹೇಳಿದ: "ನಲವತ್ತು ವರ್ಷ ಆತು ನಾ ಈ ಮಣಿ ಹಿಡದು. ಯಾರರೆ ಒಂದು ಮಣಿ ತಗದು ಬ್ಯಾರೆದು ಹಾಕಿದ್ರ ನನಗ ಗೊತ್ತಾಗ್ತಿದ್ದಿಲ್ಲ. ಮಠಕ್ಕ ನೀ ಬ್ಯಾಡ ಮಾನಪ್ಪ. ಮಾಲಿ ನಿನ್ನ ಕಡೀನ ಇರಲಿ. ತಿಂಗಳಿಗೊಮ್ಮಿ ಬಂದು ನನಗ ಒಂದು ಸುತ್ತು ಹೇಳಿ ಹೋಗು."

ಮನೆಗೆ ಬರುವಾಗ ಕುರಿಗಳು ದಡ್ಡಿ ಸೇರುತ್ತಿದ್ದವು. ರೇಣಮ್ಮ ಬಾಗಿಲಲ್ಲಿ ಮುಳ್ಳಿನ ಕಂಟಿ ಹಿಡಿದು ನಿಂತಿದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇನ್ನೂ ಎರಡು ದಿನ ಬಾಕಿ ಇತ್ತಲ್ರಿ. ದೇವರಿಗೆ ಅಷ್ಟು ಲಗೂ ಬ್ಯಾಸರಾತೇನು?"

ಭಾಗಣ್ಣ ಮರಿಯನ್ನೂ ಸೇರಿಸಿ ಮತ್ತೊಮ್ಮೆ ಎಣಿಸಿದ. "ನೂರಾ ಒಂಬತ್ತು. ಮಾವಾ, ಈ ಮರಿಗಿ ಮಣಿ ಇಲ್ಲ ನೋಡು."

ಅಷ್ಟರಲ್ಲಿ ಮಾನಪ್ಪ ನಡೆದದ್ದನ್ನೆಲ್ಲ ಹೇಳಿಯಾಗಿತ್ತು. ರೇಣಮ್ಮ ಮಾಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಯಾಕ, ಮ್ಯಾಲ ಒಂದು ದೊಡ್ಡದು ಐತಲ್ಲ. ಅದು ಖಾಲಿ ಐತಿ."

"ಅದು ಖಾಲಿ ಇಲ್ಲ," ಎಂದ ಮಾನಪ್ಪ.

"ಯಾರದು?"

"ದಡ್ಡಿ ಬಾಗಿಲಾಗ ನಿಲ್ಲೋ ಆಕಿದು. ಅದನ್ನ ಮುಟ್ಟಿ ಹೊಳ್ಳಿ ಬರಬೇಕು, ದಾಟಬಾರದು ಅಂತ ಮುತ್ಯಾ ಮೊದಲನೇ ದಿನಾನ ಹೇಳ್ಯಾನ."

ರೇಣಮ್ಮ ಮಾಲೆಯನ್ನು ಅವನ ಕೈಗೆ ಹಾಕಿದಳು. "ದಾಟಾಕ ಹೊಂಟವರು ಯಾರೋ ಇದ್ರಪಾ ನಮ್ಮ ಮನ್ಯಾಗ," ಎಂದು ಭಾಗಣ್ಣನಿಗೆ ಹೇಳಿ ಒಳಗೆ ಹೋದಳು.

ಅವತ್ತು ಸಂಜೆಯೂ ಹಂಚಿನ ಮೇಲೆ ಒಂದು ರೊಟ್ಟಿ ಸೀದಿತು. ಈ ಸಲ ಯಾಕೆ ಸೀದಿತೆಂದು ಮಾನಪ್ಪನಿಗೆ ಗೊತ್ತಾಯಿತು. ಅದನ್ನು ತಾನೇ ಕೇಳಿ ಹಾಕಿಸಿಕೊಂಡು ತಿಂದ.