ಗೋಡೆಯ ಮೇಲಿನ ಸಹಿ

ಭಾವ ಬಾಗಿಲು ತಟ್ಟಲಿಲ್ಲ. ತಮ್ಮನಿಗೆ ತಾನೇ ಗುತ್ತಿಗೆ ಹಿಡಿದು ಕಟ್ಟಿಕೊಟ್ಟ ಮನೆ, ತಟ್ಟುವುದೇನು ಬಂತು ಎನ್ನುವ ಹಾಗೆ ನುಗ್ಗಿದ. ಹಿಂದೆಯೇ ಗೋಡೆಗೆ ಬಳಿಯುವ ಪುಟ್ಟಿಯ ಬಕೆಟ್ ಹಿಡಿದ ಪೇಂಟರ್.

"ಎಲ್ಲಿದೆಯಮ್ಮಾ ನಿನ್ನ ಬಿರುಕು? ಊರಿಗೆಲ್ಲ ಡಂಗುರ ಸಾರಿದ್ದೀಯಂತೆ!"

ಟೈಲರಮ್ಮ ಹೊಲಿಗೆ ಮಷಿನ್ ಬಿಟ್ಟೆದ್ದಳು. ಅಣ್ಣನ ದನಿ ಕೇಳಿದ್ದೇ ಗಂಡ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲು ಸೇರಿದ.

ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದಿತ್ತು. ಅದರ ತುದಿ ಎಲ್ಲಿಗೆ ಬಂತೆಂದು ವಾರವಾರ ಅವಳು ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಗೀಟೆಳೆದಿದ್ದಳು. ಆರು ಗೀಟು, ಮೂವತ್ತೊಂದು ಇಂಚು.

ಬೀಗದ ಕೈ ಕೊಟ್ಟ ದಿನದಿಂದ ಒಂದು ವರ್ಷದೊಳಗೆ ತಿಳಿಸಿದ ದೋಷಕ್ಕೆಲ್ಲ ಭಾವನೇ ಹೊಣೆ ಅಂತ ಒಪ್ಪಂದ. ಆ ವರ್ಷ ನಾಳೆಗೆ ಮುಗಿಯುತ್ತಿತ್ತು. ಬಿರುಕಿನ ಬಗ್ಗೆ ಅವಳು ಕಳಿಸಿದ ನೋಟಿಸನ್ನು ಅವನು ಮುಟ್ಟದೆ ಎರಡು ಸಲ ವಾಪಸ್ ಅಟ್ಟಿದ್ದ. ಎಂಜಿನಿಯರ್ ಬರುವುದು ಸೋಮವಾರ. ಲಾಯರಮ್ಮ ಹೇಳಿ ಕಳಿಸಿದ್ದರು: "ಬಿರುಕು ಅವರಿಗೆ ಗೊತ್ತಿತ್ತು ಅನ್ನೋಕೆ ಬರಹ ಬೇಕು. ಎಂಜಿನಿಯರ್ ನೋಡೋ ತನಕ ಮುಚ್ಚೋಕೆ ಬಿಡ್ಬೇಡಿ. ಆದ್ರೆ ರಿಪೇರಿ ಬೇಡ ಅಂತ ಬಾಯಿತಪ್ಪಿನೂ ಅನ್ಬೇಡಿ. ಆಮೇಲೆ, ಸರಿ ಮಾಡೋಕೆ ಅವಕಾಶಾನೇ ಕೊಡ್ಲಿಲ್ಲ ಅಂತಾರೆ."

ಭಾವ ಒಂದು ಹಾಳೆ ಮುಂದೆ ಹಿಡಿದ. 'ಕೆಲಸ ತೃಪ್ತಿಕರ, ಯಾವ ದೋಷವೂ ಇಲ್ಲ.'

"ಸೈನ್ ಹಾಕು. ಅರ್ಧ ಗಂಟೇಲಿ ಪುಟ್ಟಿ ಹಚ್ಚಿಸ್ತೀನಿ."

"ಹಾಕಲ್ಲ."

"ಹಾಗಾದ್ರೆ ರಿಪೇರಿ ಬೇಡ್ವಾ? ಬೇಡ ಅನ್ನು ನೋಡೋಣ! ಪೇಂಟರ್, ಕೇಳಿಸ್ಕೊಳ್ಳಯ್ಯಾ. ನೀನೇ ಸಾಕ್ಷಿ."

ತೊಲಗಿ ಆಚೆ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ಬೇಕು ಭಾವ. ಬುಡದಿಂದಲೇ ಬೇಕು. ಹರಿದ ಅಂಗಿಗೆ ಪೌಡರ್ ಬಳಿದ್ರೆ ಹೊಲಿದ ಹಾಗಾಗತ್ತಾ?"

"ಗೋಡೆ ವಿಷ್ಯ ದರ್ಜಿಗೇನು ಗೊತ್ತು? ಇದು ಬರೀ ಗಾರೆ ಬಿರುಕು. ಮೇಲ್ಮೇಲಿನದ್ದು."

"ಗಾರೆ ಬಿರುಕು ವಾರಕ್ಕೆ ಐದೈದು ಇಂಚು ನಡೆಯತ್ತಾ? ನನ್ನ ಮಗನೂ ಇಷ್ಟು ಬೇಗ ನಡೀಲಿಲ್ಲ!"

ಪೇಂಟರ್ ಕಿಸಕ್ಕೆಂದ. ಭಾವನ ಕಿವಿ ಕೆಂಪಾಯಿತು.

"ಇದು ಒಂದೇ ಒಂದು ನೂಲಿನಷ್ಟು ಮುಂದೆ ಹೋಗ್ಲಿ, ಮೀಸೆ ಬೋಳಿಸ್ಕೊತೀನಿ!"

"ಬರೀ ಬಾಯಿಮಾತಲ್ಲಿ ಬೋಳಿಸ್ಕೊಳ್ಳೋಕೆ ಕತ್ತಿ ಯಾಕೆ ಬೇಕು ಭಾವ?"

ಅಷ್ಟು ಸಾಕಾಯಿತು. ಭಾವ ಕಿವಿಯ ಮೇಲಿನ ಪೆನ್ಸಿಲ್ ಕಿತ್ತ. ಇಟ್ಟಿಗೆಯ ಸಂಖ್ಯೆ, ಮಟ್ಟದ ಅಳತೆ, ಮೇಸ್ತ್ರಿಗಳ ಫೋನ್ ನಂಬರು ಎಲ್ಲವನ್ನೂ ಆಯುಷ್ಯವಿಡೀ ಗೋಡೆಯ ಮೇಲೇ ಬರೆದ ಕೈ ಅದು. ಕೊನೆಯ ಗೀಟಿನ ಪಕ್ಕ ಒತ್ತಿ ಬರೆಯಿತು: 'ಬಿರುಕು ಇಲ್ಲಿಗೆ ನಿಂತಿದೆ.' ಕೆಳಗೆ ತಾರೀಕು. ಅದರ ಕೆಳಗೆ ಬಾಲ ಉದ್ದ ಬಿಟ್ಟ ಸಹಿ.

"ತಗೋ! ಓದ್ಕೋ!"

ಟೈಲರಮ್ಮ ಓದಲಿಲ್ಲ. ಫೋನೆತ್ತಿ ಹತ್ತಿರದಿಂದೊಂದು, ದೂರದಿಂದೊಂದು, ಭಾವನ ಕೈಯಲ್ಲಿ ಪೆನ್ಸಿಲ್ ಇರುವಾಗಲೇ ಇನ್ನೊಂದು ಫೋಟೋ ತೆಗೆದು ಲಾಯರಮ್ಮನಿಗೆ ಕಳಿಸಿದಳು.

"ನೋಟಿಸ್ ಎರಡು ಸಲ ವಾಪಸ್ ಕಳಿಸಿದ್ರಿ. ಗೋಡೆ ಯಾವ ಅಂಚೇಲಿ ಕಳಿಸ್ತೀರಿ?"

ಭಾವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಏಯ್, ಬಳಿಯೋ ಅದನ್ನ! ಪುಟ್ಟಿ ಹಚ್ಚು!"

ಪೇಂಟರ್ ಬಕೆಟ್ಟಿನ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಬಿಗಿ ಮಾಡಿದ.

"ಆಗಲ್ಲಣ್ಣ. ಸಾಕ್ಷಿ ಅಂದ್ರಲ್ಲ ನನ್ನ, ಸಾಕ್ಷಿ ಯಾರಾದ್ರೂ ಗೋಡೆ ಮುಟ್ತಾರಾ?"