ಶಬ್ದ: ಈರೇಶ್, ಪೀಣ್ಯ

ವೇಣಿಯ ಗಂಡ ಈರೇಶ್ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ತಗಡು ಒತ್ತುತ್ತಿದ್ದವನು. ಅವನಿಗೊಂದು ಹುಚ್ಚು. ಮಿಷನ್ನಿನ ಸದ್ದುಗಳನ್ನೆಲ್ಲ ಫೋನಿನಲ್ಲಿ ಹಿಡಿದು, ಗೇಮ್ ಮಾಡುವವರು ಬಿಟ್ಟಿಯಾಗಿ ತೆಗೆದುಕೊಳ್ಳುವ ಒಂದು ವೆಬ್‌ಸೈಟಿಗೆ ಹಾಕುತ್ತಿದ್ದ. ಕಾಸು ಬೇಡ, ಯಾರು ಬೇಕಾದರೂ ಬಳಸಿ, ‘ಶಬ್ದ: ಈರೇಶ್, ಪೀಣ್ಯ’ ಎಂದು ಬರೆದರೆ ಸಾಕು ಎಂಬುದಷ್ಟೇ ಅವನ ಷರತ್ತು. ಊರೆಲ್ಲ ಕಾಸಿಗೆ ಬಾಯಿ ಬಿಡುವಾಗ ಹೆಸರಿಗೆ ಆಸೆಪಟ್ಟ ಪುಣ್ಯಾತ್ಮ. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ. ಆಸ್ಪತ್ರೆಯ ಓಡಾಟದಲ್ಲಿ ಅವನ ಫೋನೂ ಕಳೆದುಹೋಯಿತು, ಆರು ತಿಂಗಳಿಗೆ ಆ ವೆಬ್‌ಸೈಟೂ ಬಾಗಿಲು ಹಾಕಿತು. ಗಂಡನ ದನಿ ಅಂತ ವೇಣಿಯ ಹತ್ತಿರ ಏನೂ ಉಳಿಯಲಿಲ್ಲ.

ಹೀಗಿರುವಾಗ ಒಂದು ಸಂಜೆ, ರಾಜಗೋಪಾಲನಗರದ ಅವರ ವಠಾರದಲ್ಲಿ, ಪಕ್ಕದ ಮನೆಯ ಕಾಲೇಜು ಹುಡುಗಿ ದಿವ್ಯಾ ಫೋನಿನಲ್ಲಿ ಏನೋ ಆಡುತ್ತಿದ್ದಳು. ಆಟದಲ್ಲೊಂದು ಕಾರ್ಖಾನೆ. ಪ್ರೆಸ್ಸು ಬೀಳುವ ಮುಂಚೆ ಯಾರೋ “ಕೈ ತೆಗಿ, ಕೈ ತೆಗಿ” ಎಂದರು. ಪೆಡಲ್ ತುಳಿಯುವ ಮುಂಚೆ ಜೊತೆಗಾರನಿಗೆ ಹಾಗೆ ಎರಡು ಸಲ ಕೂಗುವುದು ಈರೇಶನ ರೂಢಿ, ಮಿಷನ್ನಿನ ಸದ್ದಿನ ಜೊತೆ ಆ ಕೂಗೂ ರೆಕಾರ್ಡ್ ಆಗಿತ್ತು. ವೇಣಿ ಬಿಡಿಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಓಡಿಬಂದಳು. ಅವತ್ತೇ ಆ ಆಟವನ್ನು ತನ್ನ ಫೋನಿಗೂ ಹಾಕಿಸಿಕೊಂಡಳು. ಆಮೇಲೆ ದಿನಾ ಗಾರ್ಮೆಂಟ್ಸಿನಿಂದ ಬಂದವಳೇ ಆಟದ ಕಾರ್ಖಾನೆಗೆ ಹೋಗಿ ಗಂಡನ ಕೂಗು ಕೇಳುವಳು. ಆಟವನ್ನು ಅವಳು ಒಮ್ಮೆಯೂ ಗೆಲ್ಲಲಿಲ್ಲ, ಗೆಲ್ಲುವುದು ಅವಳಿಗೆ ಬೇಕೂ ಇರಲಿಲ್ಲ.

ಆದರೆ ಆಟಕ್ಕೆ ದುಡಿದವರೆಂದು ಹಾಕಿದ್ದ ಹೆಸರುಗಳ ಪಟ್ಟಿಯಲ್ಲಿ ಈರೇಶ್ ಇರಲಿಲ್ಲ. ಆಟ ಮಾಡಿದ ಕುಂದಲಹಳ್ಳಿಯ ಕಂಪನಿಯ ಮಾಲೀಕನ ನಾಯಿಯ ಹೆಸರಿತ್ತು. ವೇಣಿಗೆ ಹೊಟ್ಟೆ ಉರಿದುಹೋಯಿತು. ಕಾಸು ಬೇಡ, ಸತ್ತವರ ಹೆಸರೊಂದು ಹಾಕಿ, ಅವರು ಕೇಳಿದ್ದು ಅಷ್ಟೇ ಎಂದು ದಿವ್ಯಾಳ ಕೈಲಿ ಮೇಲ್ ಬರೆಸಿದಳು. ಮೂರು ಮೇಲಿಗೆ ಉತ್ತರವಿಲ್ಲ. ನಾಲ್ಕನೆಯದರಲ್ಲಿ ದಿವ್ಯಾ ಕೋರ್ಟಿನ ಮಾತೆತ್ತಿದಳು. ಎರಡೇ ದಿನಕ್ಕೆ ಉತ್ತರ ಬಂತು: ತಮ್ಮ ದೂರನ್ನು ಸರಿಪಡಿಸಲಾಗಿದೆ, ಆಟವನ್ನು ಅಪ್‌ಡೇಟ್ ಮಾಡಿಕೊಳ್ಳಿ.

ಭಾನುವಾರ ಬೆಳಗ್ಗೆ ವೇಣಿ ತಲೆಗೆ ನೀರು ಹಾಕಿಕೊಂಡು, ಈರೇಶನ ಫೋಟೋಗೆ ಹೂವಿಟ್ಟು, ತಾನೇ ಅಪ್‌ಡೇಟ್ ಒತ್ತಿದಳು. ಪಟ್ಟಿಯಲ್ಲಿ ನಾಯಿ ಹಾಗೇ ಇತ್ತು, ಈರೇಶ್ ಇರಲಿಲ್ಲ. ಬೇರೆಲ್ಲೋ ಹಾಕಿರಬೇಕು ಎಂದುಕೊಂಡು ಕಾರ್ಖಾನೆಗೆ ಹೋದಳು. ಪ್ರೆಸ್ಸು ಠಣ್ ಎಂದು ಬಿತ್ತು. ಯಾರೂ ಕೂಗಲಿಲ್ಲ. ದಿವ್ಯಾ ಮತ್ತೆ ಮೇಲ್ ಹಾಕಿ ಕೇಳಿದ್ದಕ್ಕೆ, ಅವರ ಶಬ್ದವನ್ನೇ ತೆಗೆದಿದ್ದೇವೆ, ಇನ್ನು ಹೆಸರಿನ ಪ್ರಶ್ನೆ ಬರುವುದಿಲ್ಲ ಎಂದರು. ನೆಗಡಿ ಬಂತೆಂದು ಮೂಗು ಕೊಯ್ದರು, ಅದೂ ಬೇರೆಯವರ ಮೂಗು.

“ಹಳೇದು ವಾಪಸ್ ಬರಲ್ವಾ ದಿವ್ಯಾ?”

“ಇಲ್ಲ ಅಕ್ಕ. ಅಪ್‌ಡೇಟ್ ಆದ್ಮೇಲೆ ಹಳೇದು ಹೋಗ್ಬಿಡುತ್ತೆ. ನನ್ನ ಫೋನಲ್ಲೂ ತಾನಾಗೇ ಆಗ್ಬಿಟ್ಟಿದೆ.”

ವೇಣಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು.

“ಹೆಸರು ಕೇಳ್ದೆ ಸುಮ್ನೆ ಇದ್ದಿದ್ರೆ, ದಿನಕ್ಕೊಂದ್ಸಲನಾದ್ರೂ ಮಾತಾಡೋರು,” ಎಂದಳು.