ಹಿಂದಕ್ಕೆ ಓಡುವ ಆಟ

ಕೈಗೆ ಸಿಗದ ವಸ್ತುವನ್ನು ದುಡ್ಡು ಕೊಟ್ಟು ಎರಡನೇ ಸಲ ಕೊಳ್ಳುವವರನ್ನು ನಾನು ಕಂಡಿದ್ದು ನನ್ನ ಮನೆಯಲ್ಲೇ. ಹುಡುಗನಾಗಿದ್ದಾಗ ಹಗಲಿಡೀ ಆಡಿ, ಮೀಸೆ ಬಂದ ಮೇಲೆ ಅಟ್ಟಕ್ಕೆಸೆದು, ಕೊನೆಗೆ ನಮ್ಮತ್ತೆ ಗುಜರಿಯವನಿಗೆ ಹಾಕಿದ ವಿಡಿಯೋ ಗೇಮ್‌ಗಳನ್ನೇ ನನ್ನ ಗಂಡ ಮತ್ತೆ ಒಂದೊಂದಾಗಿ ಕೊಳ್ಳುತ್ತಿದ್ದರು. ಕೊಳ್ಳುವುದೆಂದರೆ ಯಾರೂ ಬಾಗಿಲಿಗೆ ತಂದು ಕೊಡುವುದಿಲ್ಲ. ಟಿವಿಯ ಕೆಳಗಿಟ್ಟ ಯಂತ್ರದಲ್ಲೇ ಅಂಗಡಿ, ಅದರಲ್ಲೇ ಉಗ್ರಾಣ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ತುಂಬಿಕೊಳ್ಳುತ್ತದೆ, ಸಾಲಿನಲ್ಲಿ ಒಂದು ಪುಟ್ಟ ಚಿತ್ರ ಹೆಚ್ಚುತ್ತದೆ, ಅಷ್ಟಕ್ಕೆ ವ್ಯಾಪಾರ ಮುಗಿಯಿತು. ಡಬ್ಬವಿಲ್ಲ, ಒರೆಸೋಣವೆಂದರೆ ಧೂಳೂ ಇಲ್ಲ.

"ಯಂತ್ರ ಕೆಟ್ಟೋದ್ರೆ ಏನ್ ಮಾಡ್ತೀರಾ?" ಎಂದು ಕೇಳಿದೆ.

"ಕೊಂಡಿದ್ದು ನಮ್ಮ ಹೆಸರಲ್ಲೇ ಇರುತ್ತೆ ಕಣೆ. ಬೇರೆ ಯಂತ್ರಕ್ಕೆ ಮತ್ತೆ ಇಳಿಸ್ಕೊಂಡ್ರಾಯ್ತು."

"ಅಂದ್ರೆ ಕಳೆದುಹೋಗೋ ಮಾತೇ ಇಲ್ಲ."

ಹಾಗೆಂದ ಕೂಡಲೇ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ. ಗುಬ್ಬಿ ಸತ್ತ ಮೇಲೆ ನಮ್ಮ ಮನೆಯಲ್ಲಿ ಯಾವ ಮಾತೆತ್ತಿದರೂ ಹೀಗೇ ಎಲ್ಲೋ ಹೋಗಿ ತಗುಲುತ್ತಿತ್ತು.

ಗುಬ್ಬಿ ನನ್ನ ತಂಗಿಯ ಗಂಡ. ಕುಳ್ಳ, ಒಂದು ಕಡೆ ನಿಂತವನಲ್ಲ, ಅದಕ್ಕೇ ಆ ಹೆಸರು. ತಂಗಿಯ ಗಂಡನಾಗುವುದಕ್ಕೂ ಮೊದಲಿಂದ ಅವನು ನನ್ನ ಗಂಡನ ಗೆಳೆಯ. ಷಡ್ಡಕರಾಗುವ ಆಸೆಗೇ ಇಬ್ಬರೂ ಅಕ್ಕತಂಗಿಯರಿರುವ ಮನೆ ಹುಡುಕಿದಿರಿ ಎಂದು ನಾನು ಹಂಗಿಸುತ್ತಿದ್ದೆ. ಮನೆಗಳೂ ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಕೆಲಸವೂ ಒಂದೇ ಕಡೆ. ನಮ್ಮ ಬೀದಿಯ ಕೊನೆಯಲ್ಲಿ ಏಳುತ್ತಿರುವ ಎತ್ತರದ ಕಟ್ಟಡದಲ್ಲಿ ಇವರು ಕ್ರೇನ್ ನಡೆಸುವವರು, ಗುಬ್ಬಿ ಕೆಳಗೆ ನಿಂತು ಕೊಕ್ಕೆಗೆ ಭಾರ ಕಟ್ಟಿ ಕೈಸನ್ನೆ ಮಾಡುವವನು. "ಕಟ್ಟೋನು ನಾನು, ಬೆವರು ಸುರಿಸೋನು ನಾನು, ಹೆಸರು ಮಾತ್ರ ಮೇಲೆ ಕೂತ ಮಹಾರಾಯಂಗೆ" ಎಂದು ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದ.

ಆಟದ ಯಂತ್ರ ತಂದಿದ್ದೂ ಇಬ್ಬರೂ ಸೇರಿಯೇ. ಚಿಕ್ಕಂದಿನಲ್ಲಿ ಆಡಿದ್ದನ್ನೆಲ್ಲ ಮತ್ತೆ ಕೊಂಡು ಅದರಲ್ಲಿ ಕೂಡಿಡಬೇಕು, ಮುದುಕರಾದ ಮೇಲೆ ಕೆಲಸವಿಲ್ಲದೆ ಕೂತು ಆಡಬೇಕು ಎಂಬುದು ಗುಬ್ಬಿಯ ಯೋಜನೆ. "ಹಲ್ಲು ಬಿದ್ದ ಮೇಲೂ ಹೆಬ್ಬೆರಳು ಇರುತ್ತಲ್ಲ ಅಕ್ಕಾ" ಎನ್ನುತ್ತಿದ್ದ. ಮೊದಲು ಕೊಂಡಿದ್ದು ಇಬ್ಬರು ಗಣಿ ಕೆಲಸದವರ ಆಟ. ಹಳದಿ ಟೋಪಿಯವನು ಇವರು, ನೀಲಿ ಟೋಪಿಯವನು ಅವನು. ಮೇಲಿಂದ ಬಂಡೆ ಉರುಳುತ್ತವೆ, ತಪ್ಪಿಸಿಕೊಳ್ಳುತ್ತ ಸುರಂಗ ದಾಟಬೇಕು. ನಾನು ಹೊಲಿಗೆ ಯಂತ್ರದ ಮುಂದೆ ಶಾಲಾ ಸಮವಸ್ತ್ರದ ರಾಶಿಯಲ್ಲಿ ಮುಳುಗಿರುವಾಗ ಹಿಂದಿನಿಂದ ಇಬ್ಬರು ಗಡವರ ಕಿರುಚಾಟ. ಮನೆ ತಲೆಕೆಳಗಾಗುವಂತಿರುತ್ತಿತ್ತು, ನಾನು ಬೈಯುತ್ತಿದ್ದೆ. ಇವತ್ತು ಆ ಗದ್ದಲ ಯಾರಾದರೂ ವಾಪಸ್ಸು ಕೊಡುವುದಾದರೆ ಹೊಲಿಗೆ ಯಂತ್ರವನ್ನೇ ಕೊಟ್ಟುಬಿಡುತ್ತೇನೆ.

ಅವನು ಸತ್ತದ್ದು ಹೀಗೆ. ಕಬ್ಬಿಣದ ಸರಳಿನ ಕಟ್ಟೊಂದು ಮೇಲೇರುತ್ತಿತ್ತು. ಗಾಳಿ ಎದ್ದಿತು, ಕಟ್ಟು ತೂಗಾಡತೊಡಗಿತು. ತೂಗುವ ಭಾರವನ್ನು ಹಿಂದಕ್ಕೆ ಎಳೆಯಬಾರದಂತೆ. ಅದು ಹೋಗುವ ಕಡೆಗೇ ಕ್ರೇನಿನ ತೋಳನ್ನು ಒಯ್ಯಬೇಕು, ಬೆನ್ನು ಹತ್ತಿ ಹಿಡಿಯಬೇಕು, ಆಗಲೇ ಅದು ನೆಟ್ಟಗೆ ನಿಲ್ಲುವುದು. ಇವರು ಅದನ್ನೇ ಮಾಡಿದರು. ಗಾಳಿ ಇವರಿಗಿಂತ ಜೋರಾಗಿತ್ತು. ಗುಬ್ಬಿ ಗೋಡೆಗೂ ಸರಳಿನ ಕಟ್ಟಿಗೂ ನಡುವೆ ಸಿಕ್ಕಿಕೊಂಡ. ಮೇಲಿನ ಗಾಜಿನ ಕೋಣೆಯಿಂದ ನನ್ನ ಗಂಡ ಅದನ್ನು ಪೂರ್ತಿ ನೋಡಿದರು.

ವಿಚಾರಣೆಯಲ್ಲಿ "ಕೆಳಗಿದ್ದವರನ್ನ ಎಚ್ಚರಿಸೋಕೆ ಹಾರ್ನ್ ಹೊಡೆದ್ರಾ?" ಎಂದು ಕೇಳಿದರು. "ಇಲ್ಲ, ಗಮನವೆಲ್ಲ ಭಾರದ ಹಿಂದೆ ಇತ್ತು" ಎಂದರು ಇವರು. ತಪ್ಪು ಗಾಳಿಯದೆಂದಾಯಿತು. ಆಮೇಲೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಗಾಳಿಯ ವೇಗ ಅಳೆಯುವ ಯಂತ್ರ ತಂದು ನಿಲ್ಲಿಸಿದರು. ಇವರಿಗೆ ರಜೆ ಕೊಟ್ಟರು. ಪರೀಕ್ಷೆ ಪಾಸು ಮಾಡಿದರೆ ಮತ್ತೆ ಮೇಲೆ ಹತ್ತಬಹುದು ಎಂದರು. ತಂಗಿ ಇವರನ್ನು ಏನೂ ಕೇಳಲಿಲ್ಲ. ಬಂದರೆ "ಊಟ ಆಯ್ತಾ ಭಾವ" ಎಂದು ಕೇಳಿ ಹೋಗುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಇವರು ಸೋಫಾದ ಬಲಗಡೆ ಕೂರುತ್ತಿದ್ದರು. ಎಡಗಡೆ ಗುಬ್ಬಿಯ ಜಾಗ, ಅಲ್ಲಿ ಅವನ ಕಂಟ್ರೋಲರ್. ಯೋಜನೆಯಲ್ಲಿದ್ದ ಆಟಗಳನ್ನೆಲ್ಲ ಕೊಂಡು ಸಾಲಾಗಿ ಜೋಡಿಸಿದರು. ಸಂಬಳ ನಿಂತ ಮನೆಯಲ್ಲಿ ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಹಾರಾಡಿದೆ. ಕೊಂಡಿದ್ದಷ್ಟೇ ಬಂತು, ಆಡುತ್ತಿದ್ದುದು ಗಣಿಯ ಆಟವೊಂದನ್ನೇ. ಆಡಿಸುವವರಿಲ್ಲದ ನೀಲಿ ಟೋಪಿಯವನು ನಿಂತಲ್ಲೇ ನಿಂತಿರುತ್ತಾನೆ. ಬಂಡೆ ಬಂದು ಅವನ ಮೇಲೆ ಬೀಳುತ್ತದೆ. ಆಗ ಇವರು ಏನೋ ಒತ್ತುತ್ತಿದ್ದರು. ಬಂಡೆ ಮೇಲಕ್ಕೆ ಹೋಗುತ್ತಿತ್ತು, ಸತ್ತವನು ಎದ್ದು ನಿಲ್ಲುತ್ತಿದ್ದ, ಆಟದ ರಾಗವೂ ಹಿಂದುಮುಂದಾಗಿ ಕೇಳುತ್ತಿತ್ತು. ಕೂಡಲೇ ಎಡಗಡೆಯ ಕಂಟ್ರೋಲರ್ ಕಸಿದುಕೊಂಡು ನೀಲಿಯವನನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಮುಂದಿನ ಬಂಡೆಗೆ ಮತ್ತೆ ಅದೇ.

"ಇದೇನ್ರೀ ಇದು?"

"ಹೊಸದಾಗಿ ಮಾರೋವಾಗ ಇದನ್ನ ಸೇರಿಸಿದ್ದಾರೆ. ತಪ್ಪು ಮಾಡಿದ್ರೆ ಹಿಂದಕ್ಕೆ ಹೋಗಬಹುದು. ನಾವು ಆಡೋವಾಗ ಇರಲಿಲ್ಲ. ಸತ್ರೆ ಸತ್ತ ಹಾಗೇ."

"ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತಾರೆ" ಎಂದೆ. ಹಾಳು ಗಾದೆ! ಅವರು ಇನ್ನೊಂದು ಬಂಡೆಯನ್ನು ಮೇಲಕ್ಕೆ ಕಳಿಸಿದರು. ನಾನು ತಪ್ಪಿದ ಹೊಲಿಗೆಯನ್ನು ದಿನಾ ಬಿಚ್ಚುವವಳು. ಬಿಚ್ಚಿದರೂ ಸೂಜಿಯ ತೂತು ಬಟ್ಟೆಯಲ್ಲಿ ಉಳಿಯುತ್ತದೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ನನಗೆ ಬೇಕಾಗಿದ್ದು ಒಂದೇ. ಇವರು ಆ ಸೋಫಾದಿಂದ ಎದ್ದು ಮತ್ತೆ ಕ್ರೇನ್ ಹತ್ತಬೇಕು. ಹತ್ತದಿದ್ದರೆ ಇವರೂ ಗುಬ್ಬಿಯ ಜೊತೆಗೇ ಹೋದ ಹಾಗೆ ಎಂದು ನನಗೆ ಖಚಿತವಾಗಿತ್ತು. ಬೆಳಗ್ಗೆ ಎದ್ದರೆ ಪರೀಕ್ಷೆ, ಮಲಗಿದರೆ ಪರೀಕ್ಷೆ ಎಂದು ತಲೆ ತಿಂದೆ, ಗೋಳಾಡಿದೆ, ಒಂದು ಸಲ ಟಿವಿಯ ವೈರ್ ಕಿತ್ತು ಅಡುಗೆಮನೆಯಲ್ಲಿ ಬಚ್ಚಿಟ್ಟೆ. ಕೊನೆಗೆ ತಂಗಿಯೇ ಬಂದು "ಹೋಗಿ ಭಾವ, ಅಕ್ಕನ್ನ ನೋಡಕ್ಕಾಗ್ತಿಲ್ಲ" ಎಂದಳು. ಅವಳ ಮಾತಿಗೆ ಎದ್ದರು.

ಪರೀಕ್ಷೆಯ ದಿನ ನಾನು ಬೇಲಿಯ ಹೊರಗೆ ನಿಂತಿದ್ದೆ. ಕಾಂಕ್ರೀಟಿನ ದಿಮ್ಮಿಯೊಂದನ್ನು ನೆಟ್ಟ ಕಂಬಗಳ ನಡುವೆ ಸಾಗಿಸಿ, ಗುರುತು ಹಾಕಿದಲ್ಲಿ ಇಳಿಸಬೇಕು. ಸೂಪರ್‌ವೈಸರ್ ಮತ್ತು ಪರೀಕ್ಷೆ ಮಾಡಲು ಬಂದವರೊಬ್ಬರು ಮೇಜು ಹಾಕಿಕೊಂಡು ಕೂತಿದ್ದರು. ದಿಮ್ಮಿ ಮೆಲ್ಲಗೆ ಎದ್ದಿತು, ಮೊದಲ ಕಂಬ ದಾಟಿತು. ಹಳೆಯ ಕೈಚಳಕ ಹೋಗಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಕಟ್ಟಿದ ಪಟ್ಟಿಯೊಂದು ಜಾರಿತು. ದಿಮ್ಮಿ ವಾಲಿ, ಜೋಲಿ ಹೊಡೆದು, ಮೇಜಿನತ್ತ ತೂಗಿ ಬಂತು.

ಆಗ ಹಾರ್ನ್ ಕೂಗಿತು. ಒಂದೇ ಉಸಿರಿಗೆ, ಬಿಡದೆ, ಬೀದಿಗೆಲ್ಲ ಕೇಳುವಂತೆ. ಇಬ್ಬರೂ ಕುರ್ಚಿ ಬಿಟ್ಟು ದಿಕ್ಕಿಗೊಬ್ಬರಂತೆ ಓಡಿದರು. ದಿಮ್ಮಿ ಮೇಜನ್ನು ಪುಡಿ ಮಾಡಿ ಹಿಂದಕ್ಕೆ ತೂಗಿತು. ಅದು ತಾನಾಗಿ ನಿಧಾನವಾದ ಮೇಲೂ ಹಾರ್ನ್ ಕೂಗುತ್ತಲೇ ಇತ್ತು.

ಕೆಳಗಿಳಿದ ಇವರನ್ನು ಸೂಪರ್‌ವೈಸರ್ ಎಲ್ಲರೆದುರು ತಬ್ಬಿಕೊಂಡ. "ನಿನ್ ಹಾರ್ನ್ ಇಲ್ದಿದ್ರೆ ನಮ್ಮಿಬ್ರ ಕಥೆ ಅಲ್ಲೇ ಮುಗೀತಿತ್ತು ಮಾರಾಯ! ಸೋಮವಾರದಿಂದ ಬಾ." ಕೆಲಸದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಬೇಲಿ ಹಿಡಿದು ಅತ್ತೆ. ಇವರ ಮುಖ ಸುಣ್ಣದಂತೆ ಬಿಳಿಚಿತ್ತು. ಸುಸ್ತು ಎಂದುಕೊಂಡೆ.

ಮನೆಗೆ ಬಂದು ಸೋಫಾದ ಬಲಗಡೆ ಕೂತರು. ಊಟ ಬೇಡವೆಂದರು. ಸುದ್ದಿ ನಮಗಿಂತ ಮೊದಲೇ ಬೀದಿ ಸುತ್ತಿತ್ತು. ತಂಗಿ ಬಂದಳು, ಬಾಗಿಲಲ್ಲೇ ನಿಂತಳು.

"ಇಬ್ಬರನ್ನ ಉಳಿಸಿದ್ರಂತೆ ಭಾವ."

ಇವರು ಕಂಟ್ರೋಲರನ್ನು ಪಕ್ಕಕ್ಕೆ ಸರಿಸಿದರು.

"ಹಾರ್ನ್ ಹೊಡೆದ್ರಂತೆ. ಎಲ್ರೂ ಅದನ್ನೇ ಹೇಳ್ತಿದಾರೆ." ಅವಳು ಒಂದು ಹೆಜ್ಜೆ ಒಳಗಿಟ್ಟಳು. "ಅವತ್ತು ಯಾಕೆ ಹೊಡೀಲಿಲ್ಲ?"

ಇಷ್ಟು ದಿನ ಕಾದಿದ್ದ ಮಾತು ಬಂದೇಬಿಟ್ಟಿತು. ನಾನು "ಲೇ, ಸುಮ್ನಿರೇ" ಎಂದು ಎದ್ದೆ. ಇವರು ಕೈ ಅಡ್ಡ ಹಿಡಿದು ನನ್ನನ್ನು ಕೂರಿಸಿದರು.

"ಇವತ್ತೂ ಹೊಡೀಲಿಲ್ಲಮ್ಮ" ಎಂದರು.

"ಬೀದಿಗೆಲ್ಲ ಕೇಳಿಸ್ತು!"

"ಹಾರ್ನ್ ಬಟನ್ ಎಡಗೈ ಹಿಡಿಕೆ ಮೇಲಿದೆ, ಹೆಬ್ಬೆರಳ ಕೆಳಗೆ." ಇವರು ಕಂಟ್ರೋಲರ್ ಎತ್ತಿ ತೋರಿಸಿದರು. "ಇಲ್ಲೂ ಅದೇ ಜಾಗ. ಹಿಂದಕ್ಕೆ ಓಡಿಸೋದನ್ನ ನಾನೇ ಇಲ್ಲಿಗೆ ಹಾಕ್ಕೊಂಡಿದ್ದೆ, ಬೆರಳಿಗೆ ರೂಢಿ ಅಂತ. ದಿಮ್ಮಿ ತೂಗಿದ್ದೇ, ಆಟದ ಬಟನ್ ಅಂತಲೇ ಅದನ್ನ ಒತ್ತಿ ಹಿಡಿದೆ. ಭಾರದ ಹಿಂದೆ ಹೋಗ್ಬೇಕು ಅನ್ನೋದೇ ತಲೆಗೆ ಬರಲಿಲ್ಲ. ಅದು ವಾಪಸ್ ಹೋಗುತ್ತೆ ಅಂತ ಕಾಯ್ತಾ ಕೂತಿದ್ದೆ. ಅವರು ಓಡದೇ ಇದ್ದಿದ್ರೂ ಹಾಗೇ ಕೂತಿರ್ತಿದ್ದೆ."

ಬೇಲಿಯ ಆಚೆ ನಿಂತು ಹೆಮ್ಮೆಯಿಂದ ಅತ್ತೆನಲ್ಲ, ಆ ಅಳುವಿನ ಮೇಲೆ ನನಗೆ ಅಸಹ್ಯವಾಯಿತು.

ತಂಗಿ ಬಂದು ಸೋಫಾದ ಎಡಗಡೆ ಕೂತಳು. ಆ ಜಾಗದಲ್ಲಿ ಅಂದಿನಿಂದ ಯಾರೂ ಕೂತಿರಲಿಲ್ಲ. "ತೋರಿಸಿ" ಎಂದಳು. ಇವರು ಟಿವಿ ಹಾಕಿದರು. ಗಣಿಯೊಳಗೆ ಹಳದಿ ಟೋಪಿ, ನೀಲಿ ಟೋಪಿ; ಇಬ್ಬರನ್ನೂ ಇವರೇ ಒಬ್ಬೊಬ್ಬರಾಗಿ ಏಣಿ ಹತ್ತಿಸಿದರು. ಬಂಡೆ ಬಿತ್ತು, ನೀಲಿಯವನು ಅಡಿಗೆ ಸಿಕ್ಕ. ಅವಳು ಇವರ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು ಹೆಬ್ಬೆರಳಿಟ್ಟು ಒತ್ತಿದಳು. ಬಂಡೆ ಮೇಲೆ ಹೋಯಿತು, ಗುಬ್ಬಿಯ ಮನುಷ್ಯ ಎದ್ದ, ಬೆನ್ನು ಮುಂದಾಗಿ ಓಡಿದ, ಏಣಿ ಇಳಿದ. ಅವಳು ಬೆರಳು ತೆಗೆಯಲಿಲ್ಲ. ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಳು. ಇನ್ನೂ ಸ್ವಲ್ಪ ದೂರ ಓಡಿ ಚಿತ್ರ ನಿಂತುಬಿಟ್ಟಿತು.

"ಇಷ್ಟೇನಾ?" ಎಂದಳು.

"ಇಷ್ಟೇ. ಅದಕ್ಕಿಂತ ಹಿಂದಿನದನ್ನ ಆಟ ಇಟ್ಕೊಳ್ಳಲ್ಲ."

ಅವಳು ಅತ್ತಳು. ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಇವರೂ ಅತ್ತರು. ನಾನು ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ನಡುವೆ ನಿಂತಿದ್ದೆ.

ಸೋಮವಾರ ಇವರು ಹೆಲ್ಮೆಟ್ ಹಾಕಿಕೊಂಡು ಹೋದರು. ಹೋಗಬೇಡಿ ಎನ್ನಲು ಬಾಯಿ ತೆರೆದೆ. ಇಷ್ಟು ದಿನ ಹೋಗಿ ಹೋಗಿ ಎಂದು ಜೀವ ತಿಂದವಳು ನಾನೇ, ಯಾವ ಬಾಯಲ್ಲಿ ಹೇಳಲಿ? ಸಂಜೆ ಬಂದು ಹೇಳಿದರು. ಸೂಪರ್‌ವೈಸರ್ ಮುಂದೆ ನಿಜ ಒಪ್ಪಿಕೊಂಡು, ಮೇಲೆ ಹತ್ತುವುದಿಲ್ಲ ಎಂದರಂತೆ. "ತಲೆ ಕೆಟ್ಟಿದೆಯೇನೋ ನಿಂಗೆ" ಎಂದು ಅವನು ರೇಗಿದನಂತೆ. ಕೆಳಗೆ ಯಾವ ಕೆಲಸವಾದರೂ ಕೊಡಿ ಎಂದಿದ್ದಾರೆ. ಕೆಳಗೆ ಖಾಲಿ ಇದ್ದದ್ದು ಒಂದೇ ಜಾಗ. ಗುಬ್ಬಿ ನಿಲ್ಲುತ್ತಿದ್ದ ಜಾಗ, ಕೊಕ್ಕೆಯ ಅಡಿಯಲ್ಲಿ.

ನಾನು ಜಗಳ ಮಾಡಿದೆ, ಕಾಲು ಹಿಡಿದೆ. "ಬೇರೆಯವರ ಕೈಯಲ್ಲಿ ನಿಮ್ಮ ತಲೆ ಕೊಡ್ತೀರಾ?" ಎಂದೆ.

"ಅವನು ನನ್ನ ಕೈಯಲ್ಲಿ ಕೊಟ್ಟಿರಲಿಲ್ವಾ?" ಎಂದರು. ಆಮೇಲೆ ಆ ವಿಷಯ ಎತ್ತಲು ಬಿಡಲಿಲ್ಲ.

ಈಗ ಇವರು ದಿನಾ ಭಾರ ಕಟ್ಟುತ್ತಾರೆ. ಮೇಲೆ ಕೂತವನು ಹೊಸಬ. ಅವನ ಮುಖ ನಾನು ನೋಡಿಲ್ಲ. ಇವರು ಟಿವಿಯ ಕಡೆ ತಿರುಗಿಯೂ ನೋಡುವುದಿಲ್ಲ. ಆಟದ ಯಂತ್ರವನ್ನು, ಅದರೊಳಗೆ ಕೂಡಿಟ್ಟ ಅಷ್ಟೂ ಆಟಗಳ ಸಮೇತ, ತಂಗಿ ತನ್ನ ಮನೆಗೆ ಒಯ್ದಳು. ನಾನು ಬೇಡ ಎಂದೆ. "ನಮ್ಮನೆಯವರೂ ದುಡ್ಡು ಹಾಕಿದ್ರಲ್ಲ ಅಕ್ಕ" ಎಂದಳು.

ಮಧ್ಯಾಹ್ನ ಹೊಲಿಯಲು ಕೂತರೆ ಗೋಡೆಯಾಚೆಯಿಂದ ಗಣಿಯ ಆಟದ ರಾಗ ಕೇಳುತ್ತದೆ. ಸ್ವಲ್ಪ ದೂರ ಬಂದು ನಿಲ್ಲುತ್ತದೆ, ಹಿಂದುಮುಂದಾಗಿ ಓಡುತ್ತದೆ, ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. ಹೋಗಿ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ಅದರ ನಡುವೆ ಬೀದಿಯ ಕೊನೆಯಿಂದ ಕ್ರೇನಿನ ಹಾರ್ನ್ ಕೇಳುತ್ತದೆ. ನನ್ನ ಕಾಲು ಪೆಡಲ್ ಮೇಲೆ ನಿಂತುಬಿಡುತ್ತದೆ. ಆಮೇಲೆ ಯಾರೂ ಓಡಿಬರುವ ಸದ್ದಿಲ್ಲವೆಂದು ಖಾತ್ರಿಯಾಗುವ ತನಕ ನಾನು ಹೊಲಿಯುವುದಿಲ್ಲ.